ಸೋತ ಹೃದಯವೂ ನರಗಳ ಆಜ್ಞೆಯೂ

ಹೃದಯವೆಂದೊಡನೆ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಮೊದಲು ನೆನಪಾಗುವುದು ಕಾವ್ಯ. ಎದೆ ಕರಗಿತು, ಎದೆ ಒಡೆಯಿತು, ಎದೆಗುಂದಬೇಡ, ಎದೆಗಾರನಾಗು ಎಂದು ಪ್ರೀತಿ, ದುಃಖ, ಧೈರ್ಯಗಳನ್ನೆಲ್ಲ ನಮ್ಮ ನುಡಿಯು ಆ ಒಂದೇ ಅಂಗದ ಮೇಲೆ ಹೊರಿಸಿದೆ. ಶರೀರಶಾಸ್ತ್ರದ ದೃಷ್ಟಿಯಲ್ಲಾದರೋ ಅದು ಮುಷ್ಟಿಯಷ್ಟು ಗಾತ್ರದ ಒಂದು ಮಾಂಸದ ಪಂಪು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅದು ನೂಕುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಈ ಪಂಪು ಸೋತಾಗ ನರಮಂಡಲವು ಅದನ್ನು ಹೇಗೆ ನಡೆಸಿಕೊಳ್ಳುತ್ತದೆ, ತಂದೆತಾಯಿಗಳಿಂದ ಬಂದ ಚಿಕ್ಕ ಚಿಕ್ಕ ವ್ಯತ್ಯಾಸಗಳು ಆ ನಡೆವಳಿಕೆಯನ್ನು ಹೇಗೆ ಮಾರ್ಪಡಿಸುತ್ತವೆ ಎಂಬುದನ್ನು ಯಥಾಮತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಬಿ.ಎ. ವಿದ್ಯಾರ್ಥಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮನೆಗೆ ಬರುವ ಕಾಗದ, ರಸೀದಿ, ಔಷಧದ ಚೀಟಿ ಇವೆಲ್ಲವನ್ನೂ ಓದಿ ಹೇಳುವ ಕೆಲಸ ನನಗೆ ಬಂದಿದೆ. ಗಂಗಾವತಿಯಲ್ಲಿ ಬಹುಕಾಲ ಭತ್ತದ ಚೀಲ ಹೊತ್ತು ದುಡಿದ ನಮ್ಮ ದೊಡ್ಡಪ್ಪನವರಿಗೆ ಹೃದಯದ ಸ್ನಾಯು ಸೋತಿದೆಯೆಂದು ವೈದ್ಯರು ಹೇಳಿ, ಇತರ ಔಷಧಗಳ ಜೊತೆಗೆ ಮೆಟೊಪ್ರೊಲಾಲ್ ಎಂಬ ಗುಳಿಗೆಯನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಆರಂಭಿಸಿದರು. ಅದು ಎದೆಬಡಿತವನ್ನು ತಗ್ಗಿಸುವ ಗುಳಿಗೆಯೆಂದು ನಾನು ಓದಿ ಹೇಳಿದಾಗ ದೊಡ್ಡವ್ವ ಕೇಳಿದ ಪ್ರಶ್ನೆ ಇದು: “ಅಲ್ಲೋ ತಮ್ಮಾ, ಮೊದಲ ಎದಿ ಸೋತೈತಿ ಅಂತಾರ, ಮತ್ತ ಅದನ್ನ ನಿಧಾನ ಮಾಡೂ ಗುಳಿಗಿ ಯಾಕ ಕೊಡ್ತಾರ?” ಮೊದಲ ವಾರದಲ್ಲಿ ಆಯಾಸ ತುಸು ಹೆಚ್ಚಾದಂತೆ ಕಂಡುದರಿಂದ ಗುಳಿಗೆಯನ್ನು ನಿಲ್ಲಿಸಿಬಿಡುವ ಮಾತು ಮನೆಯಲ್ಲಿ ಹುಟ್ಟಿತು. ಅದೇ ಕಾಲಕ್ಕೆ ಪಕ್ಕದ ಹಾಸಿಗೆಯಲ್ಲಿದ್ದ ಕುಷ್ಟಗಿ ಕಡೆಯ ರೋಗಿಯೊಬ್ಬರಿಗೆ ಅದೇ ಗುಳಿಗೆಯಿಂದ ನಾಡಿ ಬಹಳ ಇಳಿದು, ವೈದ್ಯರು ಪ್ರಮಾಣವನ್ನು ಕಡಿಮೆ ಮಾಡಬೇಕಾಯಿತು. ಸೋತ ಹೃದಯಕ್ಕೆ ನಿಧಾನದ ಔಷಧವೇಕೆ? ಒಂದೇ ಗುಳಿಗೆ ಇಬ್ಬರಲ್ಲಿ ಎರಡು ಬಗೆಯಾಗುವುದೇಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದುದರ ಫಲ ಈ ಬರಹ.

ಹೃದಯವು ತಾನಾಗಿಯೇ ಬಡಿಯಬಲ್ಲದು. ಎಲ್ಲ ನರಗಳ ಸಂಪರ್ಕ ತಪ್ಪಿಸಿದರೂ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಆದರೆ ಸುಮ್ಮನೆ ಕುಳಿತ ಮನುಷ್ಯನ ನಾಡಿ ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿರುವುದಷ್ಟೆ. ಹೀಗೆ ತಗ್ಗಿಸಿ ಹಿಡಿಯುವುದು ಮಿದುಳಿನಿಂದ ಇಳಿದುಬರುವ ವೇಗಸ್ ನರ. ಇದನ್ನು ಎತ್ತಿನ ಮೂಗುದಾರಕ್ಕೆ ಹೋಲಿಸಬಹುದು. ಇದಕ್ಕೆ ಎದುರಾಗಿ ಬೆನ್ನುಹುರಿಯಿಂದ ಹೊರಡುವ ಸಿಂಪಥೆಟಿಕ್ ನರಗಳಿವೆ. ಇವು ಬಾರುಕೋಲು. ನಾವು ಅಂಜನಾದ್ರಿಯ ಮೆಟ್ಟಿಲು ಹತ್ತುವಾಗ, ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಹೊಲದಲ್ಲಿ ಹಾವು ಕಂಡಾಗ ಮೂಗುದಾರ ಸಡಿಲಾಗಿ ಬಾರುಕೋಲು ಮೇಲೇಳುತ್ತದೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಸ ಒಸರಿ, ಹೃದಯದ ಜೀವಕೋಶಗಳ ಮೇಲಿರುವ ಗ್ರಾಹಕಗಳನ್ನು ಮುಟ್ಟುತ್ತದೆ. ನರದ ಆಜ್ಞೆಯನ್ನು ಕೇಳುವ ಕಿವಿಗಳೇ ಈ ಗ್ರಾಹಕಗಳು. ಹೃದಯದಲ್ಲಿ ಮುಖ್ಯವಾದುದಕ್ಕೆ ಬೀಟಾ-1 ಗ್ರಾಹಕವೆಂದು ಹೆಸರು. ಕಿವಿಗೆ ಮಾತು ಬಿದ್ದೊಡನೆ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚು ಹರಿದು, ಸ್ನಾಯು ಬೇಗಬೇಗನೆ, ಬಲವಾಗಿ ಹಿಂಡುತ್ತದೆ. ನರಗಳು ಹೀಗೆ ರಸಗಳ ಮೂಲಕ ಹೃದಯದೊಡನೆ ಮಾತನಾಡುತ್ತವೆಂಬುದನ್ನು 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1936ರಲ್ಲಿ ಅವರಿಗೆ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ಹೃದಯ ಸೋತಾಗ ಆಗುವುದೇನು? ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಕವಾಟಗಳ ಕೆಡುಕು, ಸ್ನಾಯುವಿನದೇ ರೋಗ, ಇವುಗಳಲ್ಲಿ ಯಾವುದರಿಂದಲಾದರೂ ಹೃದಯದ ಬಲ ಕುಗ್ಗಬಹುದು. ಸ್ವಸ್ಥ ಹೃದಯದ ಎಡ ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ 55ರಿಂದ 70 ಪಾಲನ್ನು ಹೊರನೂಕಿದರೆ, ಹೀಗೆ ಸೋತುದು 40ಕ್ಕಿಂತಲೂ ಕಡಿಮೆ ನೂಕುತ್ತದೆ. ಆಗ ದೇಹ ಮಾಡುವ ತಪ್ಪು ತಿಳುವಳಿಕೆಯನ್ನು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ದೃಷ್ಟಾಂತದಿಂದ ತಿಳಿಯಬಹುದು. ಕಾಲುವೆಯ ಕೊನೆಯಲ್ಲಿ ನೀರು ಇಳಿದಿದೆಯೆಂದು ಅಳೆಯುವವನು ಸುದ್ದಿ ಕಳಿಸುತ್ತಾನೆ. ಸುದ್ದಿ ನಿಜ. ಆದರೆ ಅಣೆಕಟ್ಟಿನಲ್ಲಿ ನೀರು ಕಡಿಮೆಯಾಗಿದೆಯೆ, ಇಲ್ಲವೆ ನಡುವೆ ಕಾಲುವೆ ಕೆಟ್ಟಿದೆಯೆ ಎಂಬುದು ಆ ಸುದ್ದಿಯಲ್ಲಿಲ್ಲ. ಹಾಗೆಯೇ ಕುತ್ತಿಗೆಯ ಧಮನಿಗಳಲ್ಲಿ ಒತ್ತಡ ಅಳೆಯುವ ನರತುದಿಗಳು “ರಕ್ತದ ಒತ್ತು ತಗ್ಗಿದೆ” ಎಂದು ಮಿದುಳಿಗೆ ತಿಳಿಸುತ್ತವೆ. ದೇಹವು ಇದನ್ನು ಗಾಯವಾಗಿ ರಕ್ತ ಸೋರಿಹೋದ ಪ್ರಸಂಗವೆಂದೇ ಬಗೆಯುತ್ತದೆ. ಬಾರುಕೋಲು ಎತ್ತುತ್ತದೆ, ರಕ್ತನಾಳಗಳನ್ನು ಬಿಗಿಮಾಡುತ್ತದೆ, ಉಪ್ಪನ್ನೂ ನೀರನ್ನೂ ಹಿಡಿದಿಡಲು ಮೂತ್ರಪಿಂಡಗಳಿಗೆ ಅಪ್ಪಣೆ ಕೊಡುತ್ತದೆ. ನಿಜವಾಗಿ ರಕ್ತ ಸೋರಿದವನಿಗೆ ಇದು ಜೀವರಕ್ಷಕ. ಪಂಪೇ ಸೋತವನಿಗೆ ಇದರಿಂದ ಕಾಲು ಬಾಯುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ.

ಮೊದಮೊದಲು ಈ ಬಾರುಕೋಲಿನಿಂದ ಉಪಕಾರವೇ ಆಗುತ್ತದೆ. ಆದರೆ ಯಲಬುರ್ಗಾ ಸೀಮೆಯ ಎರೆಹೊಲದಲ್ಲಿ ಗಳೆ ಹೊಡೆದವರಿಗೆಲ್ಲ ಗೊತ್ತಿರುವಂತೆ, ದಣಿದ ಎತ್ತನ್ನು ಹೊಡೆದು ಒಂದು ಸಾಲು ಹೆಚ್ಚು ತೆಗೆಯಬಹುದೇ ಹೊರತು ಒಂದು ಸುಗ್ಗಿ ದಾಟಿಸಲಾಗದು. ತಿಂಗಳುಗಟ್ಟಲೆ ನಾರ್‌ಅಡ್ರಿನಲಿನ್ ಸುರಿಯುತ್ತಲೇ ಇದ್ದರೆ ಸ್ನಾಯುಕೋಶಗಳು ಸಾಯುತ್ತವೆ, ಹೃದಯ ಹಿಗ್ಗುತ್ತದೆ, ಬಡಿತದ ಲಯ ತಪ್ಪುತ್ತದೆ. 1982ರಲ್ಲಿ ಮೈಕೆಲ್ ಬ್ರಿಸ್ಟೋ ಮತ್ತು ಸಂಗಡಿಗರು ಸೋತ ಹೃದಯಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬೀಟಾ ಗ್ರಾಹಕಗಳು ಸುಮಾರು ಅರ್ಧಕ್ಕೆ ಇಳಿದಿರುವುದನ್ನು ಕಂಡರು. ಗದ್ದಲ ತಾಳಲಾರದೆ ಹೃದಯವು ಕಿವಿ ಮುಚ್ಚಿಕೊಂಡಿತೆಂದು ಹೇಳಬಹುದು. 1984ರಲ್ಲಿ ಜೇ ಕೋನ್ ಮತ್ತು ಸಂಗಡಿಗರು 106 ರೋಗಿಗಳ ರಕ್ತವನ್ನು ಪರೀಕ್ಷಿಸಿ, ಯಾರ ರಕ್ತದಲ್ಲಿ ಈ ರಸ ಹೆಚ್ಚಾಗಿತ್ತೋ ಅವರು ಬೇಗನೆ ತೀರಿಕೊಂಡರೆಂದು ತೋರಿಸಿದರು.

ದೊಡ್ಡವ್ವನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮೆಟೊಪ್ರೊಲಾಲ್ ಮೊದಲಾದ ಬೀಟಾ-ತಡೆ ಔಷಧಗಳು ಹೃದಯವನ್ನು ಸೋಲಿಸುವುದಿಲ್ಲ, ಅದರ ಬೆನ್ನ ಮೇಲಿನ ಪೆಟ್ಟನ್ನು ತಡೆಯುತ್ತವೆ. ಈ ಜಾತಿಯ ಔಷಧವನ್ನು 1960ರ ದಶಕದಲ್ಲಿ ಬಳಕೆಗೆ ತಂದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ದೊರೆಯಿತು. ಆದರೂ ಸೋತ ಹೃದಯಕ್ಕೆ ಇದನ್ನು ಕೊಡಬಾರದೆಂದೇ ವೈದ್ಯರು ಬಹುಕಾಲ ನಂಬಿದ್ದರು. ಎಂದರೆ ದೊಡ್ಡವ್ವನ ಸಂಶಯವೇ ಅವರದೂ ಆಗಿತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ಮಂದಿ ರೋಗಿಗಳಿಗೆ ಕೊಟ್ಟು ಗುಣ ಕಂಡಾಗ ಬಹಳ ಜನ ನಂಬಲಿಲ್ಲ. ಕೊನೆಗೆ 1999ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲ ಪ್ರಕಟವಾಯಿತು. ಒಂದರಲ್ಲಿ 3991 ರೋಗಿಗಳು, ಔಷಧ ಮೆಟೊಪ್ರೊಲಾಲ್. ಇನ್ನೊಂದರಲ್ಲಿ 2647 ರೋಗಿಗಳು, ಔಷಧ ಬೈಸೊಪ್ರೊಲಾಲ್. ಎರಡರಲ್ಲಿಯೂ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ವಾರಗಳ ಅಂತರದಲ್ಲಿ ಏರಿಸುತ್ತ ಹೋಗುವುದು ಇದರ ಕ್ರಮ. ಮೊದಲ ದಿನಗಳಲ್ಲಿ ಆಯಾಸವೆನಿಸಬಹುದು. ಗುಣ ಕಾಣಲು ತಿಂಗಳುಗಳೇ ಬೇಕು.

ಇನ್ನು ಎರಡನೆಯ ಪ್ರಶ್ನೆ: ಒಂದೇ ರೋಗ, ಒಂದೇ ಗುಳಿಗೆ, ಆದರೆ ಮನುಷ್ಯನಿಂದ ಮನುಷ್ಯನಿಗೆ ಫಲ ಬೇರೆ. ವಯಸ್ಸು, ರೋಗದ ಮೂಲ, ಮೂತ್ರಪಿಂಡಗಳ ಸ್ಥಿತಿ ಇವೆಲ್ಲ ಇದಕ್ಕೆ ಕಾರಣಗಳೇ. ಇವುಗಳ ಜೊತೆಗೆ ಅನುವಂಶೀಯತೆಯೂ ಒಂದು. ನಮ್ಮ ಕಡೆ ಹೆಳವರು ಊರೂರಿಗೆ ಬಂದು, ಮನೆಮನೆಯ ಮುಂದೆ ನಿಂತು, ಆ ವಂಶದ ಹಿರಿಯರ ಹೆಸರುಗಳನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಅಂತಹುದೇ ಒಂದು ಹೊತ್ತಿಗೆ ಇದೆ. ಅದರ ಲಿಪಿಗೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಹೊತ್ತಿಗೆಯ ಒಂದೊಂದು ಅಧ್ಯಾಯವೇ ವಂಶವಾಹಿ. ದೇಹದ ಒಂದೊಂದು ಸಸಾರಜನಕವನ್ನು ಹೇಗೆ ಕಟ್ಟಬೇಕೆಂಬ ವಿಧಿ ಅದರಲ್ಲಿರುತ್ತದೆ. ಪ್ರತಿ ಮಾಡುವಾಗ ಲಿಪಿಕಾರನ ಕೈ ತಪ್ಪಿ ಹಳೆಗನ್ನಡ ಗ್ರಂಥಗಳಲ್ಲಿ ಪಾಠಾಂತರಗಳು ಹುಟ್ಟುವುದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ವಂಶವಾಹಿಗಳಲ್ಲಿಯೂ ಹಾಗೆಯೇ ಪಾಠಾಂತರಗಳಿವೆ. ಬಹುಪಾಲು ನಿರಪಾಯಕರ. ಕೆಲವು ಅರ್ಥವನ್ನು ತುಸು ಮಾರ್ಪಡಿಸುತ್ತವೆ.

ಮೊದಲನೆಯದಾಗಿ ಆಜ್ಞೆ ಕೇಳುವ ಕಿವಿಯನ್ನೇ ನೋಡೋಣ. ಬೀಟಾ-1 ಗ್ರಾಹಕವು 477 ಅಮೈನೋ ಆಮ್ಲಗಳ ಸರ. ಅದರ 389ನೆಯ ಮಣಿಯ ಜಾಗದಲ್ಲಿ ಕೆಲವರಲ್ಲಿ ಆರ್ಜಿನೀನ್, ಕೆಲವರಲ್ಲಿ ಗ್ಲೈಸೀನ್ ಇರುತ್ತದೆ. ವಂಶವಾಹಿಯಲ್ಲಿ ಸಿ ಅಕ್ಷರದ ಜಾಗದಲ್ಲಿ ಜಿ ಬಂದುದಷ್ಟೇ ಇದಕ್ಕೆ ಕಾರಣ. 1999ರಲ್ಲಿ ಪ್ರಯೋಗಶಾಲೆಯ ಕೋಶಗಳಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ, ಅದೇ ಪ್ರಚೋದನೆಗೆ ಆರ್ಜಿನೀನ್ ರೂಪವು ಸುಮಾರು ಮೂರು ಪಟ್ಟು ಹೆಚ್ಚು ಪ್ರತಿಕ್ರಿಯೆ ಕೊಟ್ಟಿತು. ಎಂದರೆ ನರದ ಪಿಸುಮಾತೂ ಆ ಕಿವಿಗೆ ಕೂಗಿನಂತೆ ಕೇಳುತ್ತದೆ. ಸ್ವಸ್ಥನಾಗಿರುವಾಗ ಇದರಿಂದ ಕೆಡುಕೇನೂ ಕಾಣದಿರಬಹುದು. ಸೋತ ಹೃದಯದಲ್ಲಿ ಮಾತ್ರ ಪೆಟ್ಟಿನ ನೋವು ಹೆಚ್ಚಾಗಬಹುದೆಂದು ಊಹಿಸಬಹುದಾಗಿದೆ.

ಎರಡನೆಯದು ನರದ ತುದಿಯಲ್ಲಿರುವ ತಡೆ. ಅಲ್ಲಿ ಆಲ್ಫಾ-2ಸಿ ಎಂಬ ಇನ್ನೊಂದು ಗ್ರಾಹಕವಿದ್ದು, ರಸವು ಸಾಕಷ್ಟು ಒಸರಿದೊಡನೆ “ಇನ್ನು ಸಾಕು” ಎಂದು ತೂಬು ಮುಚ್ಚಿಸುತ್ತದೆ. ಕೆಲವರ ವಂಶವಾಹಿಯಲ್ಲಿ ಈ ಗ್ರಾಹಕದ ನಾಲ್ಕು ಅಮೈನೋ ಆಮ್ಲಗಳ ವಿಧಿಯೇ ಬಿಟ್ಟುಹೋಗಿ ತೂಬು ಸಡಿಲಾಗಿರುತ್ತದೆ. 2002ರಲ್ಲಿ ಅಮೆರಿಕದಲ್ಲಿ ಕರ್ಸ್ಟನ್ ಸ್ಮಾಲ್, ಸ್ಟೀಫನ್ ಲಿಗೆಟ್ ಮತ್ತು ಸಂಗಡಿಗರು 159 ರೋಗಿಗಳನ್ನೂ 189 ಸ್ವಸ್ಥರನ್ನೂ ಹೋಲಿಸಿದರು. ಸಡಿಲ ತೂಬು, ಚುರುಕು ಕಿವಿ ಎರಡನ್ನೂ ತಾಯಿ ತಂದೆ ಇಬ್ಬರಿಂದಲೂ ಪಡೆದ ಆಫ್ರಿಕನ್ ಮೂಲದವರಲ್ಲಿ ಹೃದಯ ಸೋಲುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚೆಂದು ಕಂಡುಬಂದಿತು. ಒಂದೊಂದೇ ಇದ್ದಾಗ ಅಷ್ಟಿಲ್ಲದುದು ಎರಡೂ ಕೂಡಿದಾಗ ಬಲವಾಗುವುದು ಇಲ್ಲಿನ ಸ್ವಾರಸ್ಯ. ಆದರೆ ಆ ಅಧ್ಯಯನ ಚಿಕ್ಕದು. ನಂತರ ನಡೆದ ಎಲ್ಲ ಅಧ್ಯಯನಗಳಲ್ಲಿ ಅದೇ ಫಲ ದೊರೆಯಲಿಲ್ಲವೆಂಬುದನ್ನೂ ಹೇಳಲೇಬೇಕು.

ಮೂರನೆಯದು ಕಿವಿ ಮುಚ್ಚುವ ಕೈ. ಆಜ್ಞೆ ಅತಿಯಾದಾಗ ಗ್ರಾಹಕವನ್ನು ಮೌನಗೊಳಿಸುವ ಕಿಣ್ವಗಳಲ್ಲಿ ಜಿ.ಆರ್.ಕೆ.-5 ಒಂದು. ಇದರ 41ನೆಯ ಸ್ಥಾನದಲ್ಲಿ ಗ್ಲುಟಮಿನ್ ಬದಲು ಲ್ಯೂಸೀನ್ ಇದ್ದರೆ ಕೈ ಬೇಗ ಏಳುತ್ತದೆ. ಎಂದರೆ ಗುಳಿಗೆ ಇಲ್ಲದೆಯೇ ಬೀಟಾ-ತಡೆ ದೊರೆತಂತೆ. 2008ರ ಅಧ್ಯಯನವೊಂದರ ಪ್ರಕಾರ ಅಮೆರಿಕದ ಆಫ್ರಿಕನ್ ಮೂಲದವರಲ್ಲಿ ನೂರಕ್ಕೆ ಸುಮಾರು 40 ಜನರಲ್ಲಿ ಈ ರೂಪವಿದ್ದು, ಹೃದಯ ಸೋತ ಮೇಲೂ ಅದು ಅವರ ಆಯುಷ್ಯವನ್ನು ಕಾಪಾಡುವಂತೆ ಕಂಡಿತು. ಪಾಠಾಂತರವೆಂದರೆ ಯಾವಾಗಲೂ ಕೆಡುಕೇ ಅಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಔಷಧದ ಫಲದಲ್ಲಿಯೂ ಈ ಭೇದಗಳ ಪಾತ್ರವುಂಟು. ಬುಸಿಂಡೊಲಾಲ್ ಎಂಬ ಬೀಟಾ-ತಡೆ ಔಷಧವನ್ನು 2708 ರೋಗಿಗಳಲ್ಲಿ ಪರೀಕ್ಷಿಸಿ 2001ರಲ್ಲಿ ಫಲ ಪ್ರಕಟಿಸಿದಾಗ ಒಟ್ಟಿನಲ್ಲಿ ಸಾವು ಗಣನೀಯವಾಗಿ ತಗ್ಗಿರಲಿಲ್ಲ. ಅವರಲ್ಲಿ 1040 ಮಂದಿಯ ವಂಶವಾಹಿಯನ್ನು ನೋಡಿ 2006ರಲ್ಲಿ ಲೆಕ್ಕ ಹಾಕಿದಾಗ, ಎರಡೂ ಪ್ರತಿಗಳಲ್ಲಿ ಆರ್ಜಿನೀನ್ ರೂಪವಿದ್ದವರಿಗೆ ಸಾವು ನೂರಕ್ಕೆ 38ರಷ್ಟು ಕಡಿಮೆಯಾಗಿತ್ತು. ಗ್ಲೈಸೀನ್ ಇದ್ದವರಿಗೆ ಅಂತಹ ಲಾಭವಾಗಿರಲಿಲ್ಲ. ಆದರೆ ಮೆಟೊಪ್ರೊಲಾಲಿನ ದೊಡ್ಡ ಪರೀಕ್ಷೆಯ ರೋಗಿಗಳಲ್ಲಿ ಇದನ್ನೇ ನೋಡಿದಾಗ ಈ ಅಕ್ಷರಭೇದದಿಂದ ಫಲ ಬೇರೆಯಾಗಿರಲಿಲ್ಲ. ಮೆಟೊಪ್ರೊಲಾಲಿನ ವಿಷಯದಲ್ಲಿ ಹೆಚ್ಚು ಪರಿಣಾಮ ಮಾಡುವುದು ಯಕೃತ್ತಿನ ಸಿ.ವೈ.ಪಿ.-2ಡಿ6 ಎಂಬ ಕಿಣ್ವ. ಇದು ಆ ಗುಳಿಗೆಯನ್ನು ಒಡೆದು ಹೊರಹಾಕುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದು. ಅವರ ರಕ್ತದಲ್ಲಿ ಅದೇ ಪ್ರಮಾಣದ ಗುಳಿಗೆ ಹಲವು ಪಟ್ಟು ಹೆಚ್ಚಾಗಿ ನಿಂತು ನಾಡಿ ಇಳಿಯಬಹುದು. ಪಕ್ಕದ ಹಾಸಿಗೆಯ ರೋಗಿಗೆ ಆದುದು ಇದೇ ಎಂದು ನಾನು ಹೇಳಲಾರೆ. ಆದರೆ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಪ್ರತಿ ಸಲವೂ ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುವ ವೈದ್ಯರ ಪದ್ಧತಿಯ ಹಿಂದಿನ ವಿವೇಕ ಇದರಿಂದ ತಿಳಿಯುತ್ತದೆ. ವಂಶವಾಹಿಯ ಪರೀಕ್ಷೆಯಿಲ್ಲದೆಯೂ ಪ್ರತಿಯೊಬ್ಬನಿಗೆ ತಕ್ಕ ಪ್ರಮಾಣವನ್ನು ಕಂಡುಕೊಳ್ಳುವ ದಾರಿ ಅದು.

ಇಷ್ಟೆಲ್ಲ ಹೊರದೇಶದ ಮಾತಾಯಿತು. ನಮ್ಮ ನಾಡಿನಲ್ಲಿ ಏನಿದೆ? 2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಕೆ. ತಂಗರಾಜ್ ಮತ್ತು ಸಂಗಡಿಗರು ಒಂದು ಮುಖ್ಯ ಸಂಶೋಧನೆಯನ್ನು ಪ್ರಕಟಿಸಿದರು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಬಗೆಯ ಸಂಶೋಧನೆಯನ್ನು ಮುಂದುವರಿಸಿದರು. ಹೃದಯಸ್ನಾಯುವಿನ ಎಳೆಗಳನ್ನು ಕಟ್ಟಿಹಿಡಿಯುವ ಒಂದು ಸಸಾರಜನಕದ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ರೂಪವೊಂದು ಭಾರತ ಉಪಖಂಡದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿದೆಯೆಂದೂ, ಅದಿದ್ದವರಿಗೆ ಹೃದಯ ಸೋಲುವ ಸಂಭವ ಹೆಚ್ಚೆಂದೂ ಅವರು ತೋರಿಸಿದರು. ನರಮಂಡಲಕ್ಕೂ ಇದಕ್ಕೂ ಸಂಬಂಧವಿದೆ. ಬಾರುಕೋಲಿನ ಆಜ್ಞೆ ಬೀಟಾ ಗ್ರಾಹಕದಿಂದ ಒಳಗೆ ಇಳಿದು ಕೊನೆಗೆ ಮುಟ್ಟುವ ಕೆಲವು ಸಸಾರಜನಕಗಳಲ್ಲಿ ಇದೂ ಒಂದು. ಹಿಂಡುವ ವೇಗವನ್ನು ಆಜ್ಞೆಗೆ ತಕ್ಕಂತೆ ಹೊಂದಿಸುವ ಕೆಲಸದಲ್ಲಿ ಇದಕ್ಕೆ ಪಾಲಿದೆ. ಆದರೆ ಹೆದರಬೇಕಾಗಿಲ್ಲ. 2018 ಮತ್ತು 2020ರ ಅಧ್ಯಯನಗಳು ಈ ಮಾತನ್ನು ಮತ್ತೆ ತೂಗಿ ನೋಡಿವೆ. ಹೃದಯಸ್ನಾಯು ದಪ್ಪವಾಗುವ ರೋಗದ ಮಟ್ಟಿಗಾದರೂ ದೋಷದ ಬಹುಪಾಲು ಈ ಲೋಪದ ಜೊತೆಯಲ್ಲಿ ಕೆಲವರಲ್ಲಿ ಮಾತ್ರ ಸಾಗಿಬಂದ ಬೇರೆ ವಿರಳ ಭೇದಗಳದೆಂದು ಅವು ಸೂಚಿಸಿದವು. ಇದನ್ನು ಹೊತ್ತವರಲ್ಲಿ ಬಹಳ ಮಂದಿ ಸ್ವಸ್ಥರಾಗಿಯೇ ಬಾಳುತ್ತಾರೆ.

ಇಲ್ಲಿ ನಮ್ಮ ಸಮಾಜದ ಒಂದು ರೂಢಿಯನ್ನು ನೆನೆಯಬೇಕಾಗುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗ, ಮಾವನ ಮಗಳೊಡನೆ ಲಗ್ನ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. 1980ರ ದಶಕದಲ್ಲಿ ಎ.ಎಚ್. ಬಿಟಲ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮೊದಲಾದವರು ಕರ್ನಾಟಕದಲ್ಲಿ ನಡೆಸಿದ ಅಧ್ಯಯನದಲ್ಲಿ ಮೂರರಲ್ಲಿ ಒಂದು ವಿವಾಹ ರಕ್ತಸಂಬಂಧದೊಳಗಿನದಾಗಿತ್ತು. ಮಾವ-ಸೊಸೆಯರ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ವಂಶವಾಹಿಗಳು ಒಬ್ಬನೇ ಹಿರಿಯನಿಂದ ಎರಡು ದಾರಿಯಲ್ಲಿ ಬಂದು ಜೋಡಿಯಾಗುತ್ತವೆ. ಅತ್ತೆ-ಮಾವಂದಿರ ಮಕ್ಕಳ ವಿವಾಹದಲ್ಲಿ ಇದು ಹದಿನಾರರಲ್ಲೊಂದು. ಒಂದೇ ಪ್ರತಿಯಿದ್ದರೆ ಸುಮ್ಮನಿರುವ ಭೇದವು ಎರಡೂ ಪ್ರತಿಗಳಲ್ಲಿ ಬಂದಾಗ ಪ್ರಕಟವಾಗುವುದುಂಟು. ಹಿರಿಯರನ್ನು ನಿಂದಿಸಲು ನಾನಿದನ್ನು ಬರೆಯುತ್ತಿಲ್ಲ. ಹೊಲಮನೆ ಒಡೆಯಬಾರದು, ಹೆಣ್ಣುಮಗಳು ಪರಕೀಯರ ಮನೆಯಲ್ಲಿ ನೋಯಬಾರದು ಎಂಬ ಕಾಳಜಿ ಅವರದು. ಆದರೆ ಚಿಕ್ಕ ವಯಸ್ಸಿನಲ್ಲಿ ಹೃದಯ ಸೋತವರು ಇರುವ ಮನೆತನದಲ್ಲಿ ಲಗ್ನದ ಮಾತು ಬಂದಾಗ ವೈದ್ಯರನ್ನೊಮ್ಮೆ ಕೇಳುವುದು ಒಳಿತೆಂದು ವಿದ್ಯಾವಂತರಾದ ನಾವು ಹೇಳಬಹುದಲ್ಲವೆ?

ಹಾಗೆಂದು ಎಲ್ಲವನ್ನೂ ವಂಶದ ಮೇಲೆ ಹಾಕಿ ಕೂಡುವುದೂ ಸಲ್ಲದು. ತಿರುವನಂತಪುರದಲ್ಲಿ 2013ರಲ್ಲಿ ಹೃದಯ ಸೋತು ಆಸ್ಪತ್ರೆಗೆ ಸೇರಿದ 1205 ರೋಗಿಗಳ ದಾಖಲೆಯನ್ನು ಶ್ರೀಚಿತ್ರಾ ತಿರುನಾಳ್ ಸಂಸ್ಥೆಯ ಎಸ್. ಹರಿಕೃಷ್ಣನ್ ಮತ್ತು ಸಂಗಡಿಗರು ಇಟ್ಟರು. ಆ ರೋಗಿಗಳ ಸರಾಸರಿ ವಯಸ್ಸು 61. ಅವರಲ್ಲಿ ಹೃದಯದ ಹಿಂಡುವ ಬಲ ಕುಗ್ಗಿದವರ ಪೈಕಿ, ಶಾಸ್ತ್ರಸಮ್ಮತವಾದ ಔಷಧಗಳನ್ನೆಲ್ಲ ಪಡೆದು ಮನೆಗೆ ಮರಳಿದವರು ನಾಲ್ವರಲ್ಲಿ ಒಬ್ಬರು ಮಾತ್ರ. ಓದು ಬರಹ ಬಲ್ಲ ಕೇರಳದಲ್ಲಿಯೇ ಹೀಗಾದರೆ ನಮ್ಮ ಕಡೆಯ ಹಳ್ಳಿಗಳ ಮಾತೇನು? ಅಕ್ಷರಭೇದದಿಂದ ಆಗಬಹುದಾದ ನಷ್ಟ ಒಂದಾದರೆ, ಗುಳಿಗೆ ಸಿಕ್ಕದೆ, ಸಿಕ್ಕರೂ ಅರ್ಥವಾಗದೆ ಬಿಟ್ಟುಬಿಡುವುದರಿಂದ ಆಗುವ ನಷ್ಟ ಇನ್ನೊಂದು. ಮೊದಲನೆಯದನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಮನೆಯಲ್ಲಿ ಒಬ್ಬ ಓದಿದವನಿದ್ದರೂ ತಕ್ಕಮಟ್ಟಿಗೆ ತಡೆಯಬಹುದು. ನಮ್ಮ ದೊಡ್ಡಪ್ಪನವರು ಗುಳಿಗೆ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ದಿಂಬು ಏರಿಸದೆ ಮಲಗತೊಡಗಿದರು. ಈಗ ಸಂಜೆ ಅಗಸಿಯವರೆಗೆ ನಡೆದು ಬರುತ್ತಾರೆ. ಚೀಲ ಹೊರುವ ಕೆಲಸ ಮಾತ್ರ ಬಿಟ್ಟಿತು.

ನನ್ನ ಸಹಪಾಠಿಗಳಲ್ಲಿ ಬಹಳ ಮಂದಿ ನನ್ನಂತೆಯೇ ಮನೆಗೆ ಮೊದಲ ವಿದ್ಯಾವಂತರು. ಅವರಲ್ಲಿ ಎರಡು ಬಿನ್ನಹಗಳಿವೆ. ಹೃದಯದ ಔಷಧವನ್ನು ಮನೆಯವರು ತಾವೇ ನಿಲ್ಲಿಸದಂತೆ ನೋಡಿಕೊಳ್ಳಿರಿ. ನಾಡಿ ಇಳಿದರೆ, ತಲೆ ಸುತ್ತಿದರೆ, ಕಾಲು ಬಾತರೆ ವೈದ್ಯರಿಗೆ ತಿಳಿಸಿರಿ. ಪ್ರಮಾಣವನ್ನು ಹೊಂದಿಸುವುದು ಅವರ ಕೆಲಸ. ಇನ್ನೊಂದು, ಹೆಳವರ ಹೊತ್ತಿಗೆಯಲ್ಲಿ ನಮ್ಮ ಹಿರಿಯರ ಹೆಸರುಗಳಿವೆಯಾದರೂ ಅವರು ಯಾವ ವಯಸ್ಸಿನಲ್ಲಿ ಹೇಗೆ ತೀರಿದರೆಂಬುದು ಅಲ್ಲಿಲ್ಲ. ಅದನ್ನು ಬಲ್ಲವರು ನಮ್ಮ ಅಜ್ಜಿಯರು. ಈ ರಜೆಯಲ್ಲಿ ನಾನು ಅಮ್ಮನನ್ನೂ ದೊಡ್ಡವ್ವನನ್ನೂ ಕೇಳಿ ಮೂರು ತಲೆಮಾರಿನ ಪಟ್ಟಿಯೊಂದನ್ನು ಬರೆದಿದ್ದೇನೆ: ಯಾರಿಗೆ ಉಬ್ಬಸವಿತ್ತು, ಯಾರ ಕಾಲು ಬಾತಿತ್ತು, ಯಾರು ಹೊಲದಲ್ಲಿ ಒಮ್ಮೆಲೆ ಕುಸಿದರು ಎಂದು. ಒಂದು ಹಾಳೆಯಲ್ಲಿ ಹಿಡಿಸುವ ಈ ಪಟ್ಟಿಯನ್ನು ವೈದ್ಯರ ಮುಂದಿಟ್ಟಾಗ ಅವರು ಅದನ್ನು ಗಮನವಿಟ್ಟು ಓದಿ, ದೊಡ್ಡಪ್ಪನವರ ಮಕ್ಕಳಿಬ್ಬರನ್ನೂ ಒಮ್ಮೆ ಪರೀಕ್ಷೆಗೆ ಕರೆತರಲು ಹೇಳಿದರು. ಅಂತಹ ಪಟ್ಟಿಯೊಂದನ್ನು ನಿಮ್ಮ ಮನೆಯಲ್ಲಿಯೂ ಬರೆದಿಡಿರಿ. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಲೇಖಣಿ, ಅಜ್ಜಿಯ ಬಳಿ ಕೂಡುವಷ್ಟು ವೇಳೆ.